ಬೆತ್ತಪ್ಪನ ನಾಲ್ವರು ಕೆಲಸಗಾರರು

ಆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಆ ಬೀದಿಯಲ್ಲಿ ಒಬ್ಬನೇ ಒಬ್ಬ ಉದ್ಯಮಿಯೂ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹದಿನೇಳು ಮಂದಿ ಇದ್ದರು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟೊಂದು ಉದ್ಯಮ ಬೆಳೆದದ್ದನ್ನು ಬೇರೆ ಯಾವ ಊರೂ ಕಂಡಿರಲಿಕ್ಕಿಲ್ಲ.

ಇದಕ್ಕೆಲ್ಲ ಕಾರಣ ಊರಾಚೆ ಎದ್ದು ನಿಂತಿದ್ದ ದೊಡ್ಡ ಕಂಪನಿ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮಾಡುವ ಆ ಕಂಪನಿ ಮೊದಲ ವರ್ಷ ಗೋಡೆ ಕಟ್ಟಿತು. ಎರಡನೇ ವರ್ಷ ಗೇಟು ಹಾಕಿತು. ಮೂರನೇ ವರ್ಷ ಅದಕ್ಕೆ ಗೇಟಿನ ಹೊರಗೂ ಜನ ಇದ್ದಾರೆಂಬುದು ನೆನಪಾಗಿ, ಒಬ್ಬ ಅಧಿಕಾರಿಣಿಯನ್ನು ಕಳಿಸಿತು. ಆಕೆಯ ಕಾರ್ಡಿನಲ್ಲಿ ‘ಸ್ಥಳೀಯ ಉದ್ಯಮ ಮತ್ತು ಉದ್ಯೋಗ ಬೆಂಬಲ ವಿಭಾಗ’ ಎಂದು ಅಚ್ಚಾಗಿತ್ತು. ಅಷ್ಟುದ್ದ ಹೇಳಲು ಯಾರಿಗೂ ಪುರುಸೊತ್ತಿಲ್ಲದ್ದರಿಂದ ಬೀದಿಯವರು ಅವರನ್ನು ಬೆಂಬಲದ ಮೇಡಂ ಎಂದು ಕರೆದರು.

ಮೇಡಂ ಶಾಲೆಯ ಸಭಾಂಗಣದಲ್ಲಿ ನಿಂತು ಮಾತಾಡಿದರು. “ನಮಗೆ ಬೇಕಾದ ಸಾಮಾನನ್ನ ದೂರದಿಂದ ಯಾಕೆ ತರಿಸ್ಬೇಕು? ನೀವೇ ಮಾಡ್ಕೊಡಿ. ವರ್ಷಪೂರ್ತಿ ನಾವು ತಗೋತೀವಿ. ಒಂದೇ ಒಂದು ಷರತ್ತು. ಒಬ್ಬೊಬ್ಬರೇ ಮಾಡೋದು ಬೇಡ. ಕನಿಷ್ಠ ಮೂರು ಜನ ಕೂಡಿ ಕೆಲಸ ಮಾಡ್ಬೇಕು. ನೀವು ನಿಮ್ಮೂರಿನವರಿಗೆ ಕೆಲಸ ಕೊಡಿ, ನಾವು ನಿಮ್ಮ ಬೆನ್ನಿಗಿರ್ತೀವಿ.”

ಇಸ್ತ್ರಿಯವನು ಎದ್ದು ನಿಂತ. “ಮೇಡಂ, ನೀವು ಇಸ್ತ್ರಿಪೆಟ್ಟಿಗೆ ಮಾಡ್ತೀರಿ, ನಾನು ಇಸ್ತ್ರಿ ಮಾಡ್ತೀನಿ. ನಾನು ಉದ್ಯಮಿ ಹೌದೋ ಅಲ್ವೋ?”

“ಖಂಡಿತ ಹೌದು. ನಿಮ್ಮ ಜೊತೆ ಯಾರಾದ್ರೂ ಕೆಲಸ ಮಾಡ್ತಾರಾ?”

“ನನ್ನ ಹೆಂಡ್ತಿ ಮಾಡ್ತಾಳೆ.”

“ಅದು ಉದ್ಯೋಗಾನೇ!” ಎಂದರು ಮೇಡಂ.

ಹಿಂದಿನ ಸಾಲಿನಿಂದ ಅವನ ಹೆಂಡತಿ ಕೂಗಿದಳು. “ಉದ್ಯೋಗ ಆದ್ರೆ ನಂಗೆ ಭಾನುವಾರ ರಜ ಯಾಕಿಲ್ಲ ಅಂತ ಕೇಳಿ ಮೇಡಂ!” ಸಭೆಯಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮೇಡಂ ತಮ್ಮ ಭಾಷಣಕ್ಕೇ ಚಪ್ಪಾಳೆ ಬಿತ್ತೆಂದು ಕೈ ಮುಗಿದರು.

ಬೆತ್ತಪ್ಪನೂ ಆ ಸಭೆಯಲ್ಲಿದ್ದ. ಬೆತ್ತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಹೆಸರು ಕೇಳಿ ಮಕ್ಕಳು ಹೆದರುತ್ತಿದ್ದರೂ ಆ ಮನುಷ್ಯ ಜನ್ಮದಲ್ಲಿ ಯಾರಿಗೂ ಒಂದೇಟು ಹಾಕಿದವನಲ್ಲ. ಬೆತ್ತವನ್ನು ತೆಳ್ಳಗೆ ಸೀಳಿ, ನೀರಿನಲ್ಲಿ ನೆನೆಹಾಕಿ, ಮರದ ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ ಕುರ್ಚಿಯ ಸೀಟು ಹೆಣೆಯುವುದು ಅವನ ಕಸುಬು. ಸಭೆಗೆ ಅವನು ಬಂದದ್ದು ಉದ್ಯಮಿಯಾಗಲಿಕ್ಕಲ್ಲ, ಶಾಲೆಯವರು ಹಳೆಯ ಕುರ್ಚಿಗಳನ್ನು ಇನ್ನೂ ಇಟ್ಟುಕೊಂಡಿದ್ದಾರೋ ಎಂದು ನೋಡಲಿಕ್ಕೆ. ಇಟ್ಟುಕೊಂಡಿರಲಿಲ್ಲ. ಎದ್ದು ಹೊರಡಬೇಕೆನ್ನುವಷ್ಟರಲ್ಲಿ ‘ನಿಮ್ಮೂರಿನವರಿಗೆ ಕೆಲಸ ಕೊಡಿ’ ಎನ್ನುವ ಮಾತು ಕಿವಿಗೆ ಬಿತ್ತು. ಅವನು ಮತ್ತೆ ಕುಳಿತ. ಅವನಿಗೆ ತಮ್ಮನ ನೆನಪಾಯಿತು.

ಒಂದು ಕಾಲಕ್ಕೆ ಬೆತ್ತಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಐದು ಮಣೆಗಳ ಮೇಲೆ ಐದು ಜನ ಕುಳಿತು ಹೆಣೆಯುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ಅಕ್ಕನ ಗಂಡ ಭಾವ, ಆಮೇಲೆ ಉದ್ದಣ್ಣ, ಅವನ ಪಕ್ಕದಲ್ಲಿ ಸದಾ ಶಿಳ್ಳೆ ಹಾಕುವ ಪೀಪಿ, ಬಾಗಿಲ ಕಡೆ ಬೆತ್ತಪ್ಪ ಮತ್ತು ತಮ್ಮ. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಬಂತು. ಅದನ್ನು ಒಂದರ ಮೇಲೊಂದು ಹತ್ತು ಪೇರಿಸಬಹುದು, ಮಳೆಯಲ್ಲಿ ಬಿಡಬಹುದು, ಮುರಿದರೆ ಎಸೆಯಬಹುದು. ಬೆತ್ತದ ಕುರ್ಚಿಗೆ ಈ ಮೂರು ಗುಣಗಳೂ ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಊರು ಬಿಟ್ಟರು. ಕೊನೆಗೆ ಹೋದವನು ತಮ್ಮ. ಒಂದೂವರೆ ದಿನದ ಪ್ರಯಾಣದಷ್ಟು ದೂರದ ನಗರದಲ್ಲಿ, ಒಂದು ದೊಡ್ಡ ಕಟ್ಟಡದ ಗೇಟು ಕಾಯುವ ಕೆಲಸ. ಅಲ್ಲಿ ಅವನಿಗೆ ಕೂರಲು ಕೊಟ್ಟದ್ದು ಪ್ಲಾಸ್ಟಿಕ್ ಕುರ್ಚಿ, ಅದೂ ಒಂದು ಕೈ ಮುರಿದದ್ದು ಎಂದು ಗೊತ್ತಾದ ದಿನ ಬೆತ್ತಪ್ಪ ಊಟ ಮಾಡಲಿಲ್ಲ.

ಎಂಟು ವರ್ಷಗಳಿಂದ ಪ್ರತಿ ಭಾನುವಾರ ಅಣ್ಣ ತಮ್ಮ ಫೋನಿನಲ್ಲಿ ಮಾತಾಡುತ್ತಿದ್ದರು. “ಊಟ ಆಯ್ತಾ?” “ಆಯ್ತು. ನಿಂದು?” “ಆಯ್ತು.” “ಸರಿ ಹಾಗಾದ್ರೆ.” “ಸರಿ.” ಇಷ್ಟೇ. ವಾರವಿಡೀ ಬೆತ್ತಪ್ಪ ಹೇಳಬೇಕೆಂದು ಕೂಡಿಟ್ಟ ಮಾತುಗಳೆಲ್ಲ ಭಾನುವಾರ ಗಂಟಲಲ್ಲೇ ನಿಲ್ಲುತ್ತಿದ್ದವು. ‘ಬಾ’ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಬಾ ಎಂದರೆ ಬಂದು ಮಾಡುವುದೇನು? ಕೊಡಲು ಕೆಲಸವಿಲ್ಲದ ಅಣ್ಣ ಯಾವ ಮುಖ ಇಟ್ಟುಕೊಂಡು ಕರೆಯಬೇಕು? ತಮ್ಮನ ಮಣೆಯನ್ನು ಮಾತ್ರ ದಿನಾ ಬೆಳಿಗ್ಗೆ ಒರೆಸಿ ಇಡುತ್ತಿದ್ದ. ಒಮ್ಮೆ ಹೆಂಡತಿ ಅದರ ಮೇಲೆ ನೀರಿನ ಬಿಂದಿಗೆ ಇಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಸಭೆಯಲ್ಲಿ ಬೀದಿಯ ಹದಿನೇಳು ಮಂದಿ ಅರ್ಜಿಯ ಫಾರ್ಮು ಪಡೆದರು. ತಾನು ತಂದದ್ದನ್ನು ಬೆತ್ತಪ್ಪ ಅಂದು ಮಧ್ಯಾಹ್ನವೇ ಬಿಡಿಸಿ ಕುಳಿತ. ‘ನಿಮ್ಮಲ್ಲಿ ಕೆಲಸ ಮಾಡುವವರ ವಿವರ’ ಎಂದು ಬರೆದು ಕೆಳಗೆ ಐದು ಸಾಲು ಬಿಟ್ಟಿದ್ದರು. ಹೆಸರು, ಕೆಲಸ, ಯಾವಾಗಿನಿಂದ, ಇವರ ಬಗ್ಗೆ ಒಂದೆರಡು ಮಾತು. ಮೊದಲನೇ ಸಾಲಿನಲ್ಲಿ ತನ್ನ ಹೆಸರು ಬರೆದ. ಉಳಿದ ನಾಲ್ಕು ಸಾಲು ಖಾಲಿ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಪೆನ್ನು ಮುಚ್ಚುತ್ತಿದ್ದರು. ಆದರೆ ಕುರ್ಚಿ ಹೆಣೆಯುವವನ ಕಣ್ಣೇ ಬೇರೆ. ಚೌಕಟ್ಟಿನ ಸುತ್ತ ಎಷ್ಟು ತೂತುಗಳಿವೆಯೋ ಅಷ್ಟರಲ್ಲೂ ಎಳೆ ಹಾಯಬೇಕು. ಒಂದು ತೂತು ಖಾಲಿ ಬಿಟ್ಟರೂ ಆರು ತಿಂಗಳಲ್ಲಿ ಇಡೀ ಸೀಟು ಜೋತುಬೀಳುತ್ತದೆ. ಖಾಲಿ ಜಾಗ ಕಂಡರೆ ಬೆತ್ತಪ್ಪನಿಗೆ ಬೆರಳು ಕಡಿಯುತ್ತಿತ್ತು. ಅವನು ಎರಡನೇ ಸಾಲಿನಲ್ಲಿ ಭಾವನ ಹೆಸರು ಬರೆದ. ಬರೆದ ಮೇಲೆ ಭಾವ ಕಣ್ಣ ಮುಂದೆ ಬಂದು ಕುಳಿತರು. ‘ಕುರ್ಚಿಯ ಕೈಗೆ ಬೆತ್ತ ಸುತ್ತುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಕಾಫಿ ತಡವಾದರೆ ಮುನಿಸಿಕೊಳ್ಳುತ್ತಾರೆ. ಮಾತಾಡಿಸಬಾರದು, ತಾವೇ ಸರಿಹೋಗುತ್ತಾರೆ’ ಎಂದು ಬರೆದ. ಉದ್ದಣ್ಣನ ಬಗ್ಗೆ, ‘ಆರಡಿ ಎರಡಂಗುಲ. ಎತ್ತರದ ಬೆನ್ನಿನ ಕುರ್ಚಿಗೆ ನಿಂತೇ ಹೆಣೆಯುತ್ತಾನೆ, ಬಾಗಿಲಿಗೆ ತಲೆ ಹೊಡೆದುಕೊಳ್ಳದ ದಿನವಿಲ್ಲ.’ ಪೀಪಿಯ ಬಗ್ಗೆ, ‘ಶಿಳ್ಳೆ ನಿಂತರೆ ಎಳೆ ತಪ್ಪಿದೆ ಎಂದು ತಿಳಿಯಬೇಕು.’

ತಮ್ಮನ ಸಾಲಿಗೆ ಬಂದಾಗ ಜಾಗ ಸಾಲದೆ ಅಂಚಿನಲ್ಲೂ, ಅಂಚು ಮುಗಿದು ಹಾಳೆಯ ಹಿಂಬದಿಯಲ್ಲೂ ಬರೆದ. ಅಗಲವಾದ ಬೆಂಚು ಹೆಣೆಯಲು ಇಬ್ಬರು ಬೇಕು. ಒಬ್ಬ ಮೇಲೆ ಕುಳಿತು ಎಳೆಯನ್ನು ಕೆಳಗೆ ತೂರಿಸುತ್ತಾನೆ, ಇನ್ನೊಬ್ಬ ಬೆಂಚಿನಡಿ ಮಲಗಿ ಅದನ್ನು ಹಿಡಿದು ಪಕ್ಕದ ತೂತಿನಿಂದ ಮೇಲಕ್ಕೆ ಕೊಡುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಎಳೆ ಬಿಗಿಯಾಯಿತೋ ಸಡಿಲಾಯಿತೋ ಎನ್ನುವುದರಲ್ಲೇ ಎಲ್ಲ ಮಾತು. ತಮ್ಮನ ಕೆಲಸದ ಕಡೆ ಬೆತ್ತಪ್ಪ ‘ಕೆಳಗಿನ ಕೈ’ ಎಂದು ಬರೆದ. ‘ನಾನು ಎಳೆ ಕೊಡುವ ಮೊದಲೇ ಅವನ ಕೈ ಅಲ್ಲಿರುತ್ತದೆ’ ಎಂದು ಸೇರಿಸಿದ. ಅಲ್ಲಿಗೆ ಅವನ ಕಣ್ಣು ಮಂಜಾಯಿತು.

“ರೀ, ಆವಾಗಿಂದ ಏನ್ ಬರೀತಿದೀರಿ?” ಹೊಸ್ತಿಲ ಮೇಲೆ ಕುಳಿತು ಬೆತ್ತ ಸೀಳುತ್ತಿದ್ದ ಹೆಂಡತಿ ಕೇಳಿದಳು.

“ಕೆಲಸ ಮಾಡೋರ ಹೆಸರು.”

“ಅಷ್ಟುದ್ದ ಯಾರಿದಾರೆ ನಮ್ಮಲ್ಲಿ?”

“ಇದಾರೆ ಬಿಡು,” ಎಂದ ಬೆತ್ತಪ್ಪ. ಅವಳು ಸೀಳಿದ ಎಳೆಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅರ್ಧ ಹೆಣೆದ ಸೀಟೊಂದನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಪಾಡಿಗೆ ಹೆಣೆಯತೊಡಗಿದಳು.

ಹದಿನೈದು ದಿನಗಳ ಮೇಲೆ ಮೇಡಂ ಫೋನ್ ಮಾಡಿದರು. “ಇನ್ನೂರು ಅರ್ಜಿ ಓದಿದೀನಿ. ಎಲ್ಲರೂ ತಮ್ಮ ಕೆಲಸದವರ ಬಗ್ಗೆ ನಿಷ್ಠಾವಂತ, ಶ್ರಮಜೀವಿ ಅಂತ ಬರೆದು ಬಿಟ್ಟಿದಾರೆ. ನೀವೊಬ್ರೇ ಅವರನ್ನ ಮನುಷ್ಯರ ಥರ ಬರ್ದಿರೋದು. ನಮ್ಮ ದೊಡ್ಡ ಸಾಹೇಬ್ರು ಓದಿ ಏನಂದ್ರು ಗೊತ್ತಾ? ಇಪ್ಪತ್ತೈದು ವರ್ಷ ಸರ್ವೀಸಾಯ್ತು, ನನ್ನ ಬಗ್ಗೆ ಯಾರೂ ಹೀಗೆ ಒಂದು ಸಾಲು ಬರೆದಿಲ್ಲ ಅಂದ್ರು! ನಮ್ಮ ಅತಿಥಿಗೃಹದ ಕುರ್ಚಿ, ಮೀಟಿಂಗ್ ಹಾಲ್ ಬೆಂಚು, ಎಲ್ಲಾ ನಿಮ್ಮಿಂದಾನೇ. ಗುರುವಾರ ಹತ್ತು ಗಂಟೆಗೆ ಸಾಹೇಬ್ರು, ಫೋಟೋದವರು, ಎಲ್ಲಾ ಬರ್ತೀವಿ. ನಿಮ್ಮ ನಾಲ್ಕೂ ಜನ ಅವರವರ ಮಣೆ ಮೇಲಿರಲಿ. ಸರೀನಾ?”

“ಸರಿ ಮೇಡಂ,” ಎಂದ ಬೆತ್ತಪ್ಪ. ಎಂಟು ವರ್ಷಗಳ ಅಭ್ಯಾಸದಿಂದ ಅವನಿಗೆ ಫೋನಿನಲ್ಲಿ ಬೇರೆ ಮಾತು ಬರುತ್ತಿರಲಿಲ್ಲ.

“ಏನಂತೆ?” ಹೆಂಡತಿ ಕೇಳಿದಳು.

“ಬರ್ತಾರಂತೆ.”

“ಯಾರು?”

“ಎಲ್ರೂ,” ಎಂದು ಅವನು ಅಲ್ಲೇ ಕುಸಿದು ಕುಳಿತ. ಫಾರ್ಮಿನ ಕಥೆಯನ್ನೆಲ್ಲ ಬಾಯಿಬಿಡಿಸಿದ ಮೇಲೆ ಹೆಂಡತಿ ಹಣೆ ಚಚ್ಚಿಕೊಂಡಳು. ಫೋನ್ ಮಾಡಿ ನಿಜ ಹೇಳಿಬಿಡಿ ಎಂದಳು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ತಮ್ಮನನ್ನು ಕರೆಯುವುದು ಹೇಗೆ ಎಂದು ಅವನು. ಗೋಡೆಯ ಆಚೆಯೇ ಕಟಿಂಗ್ ಶಾಪು ಇದ್ದದ್ದರಿಂದ ಸಂಜೆಯೊಳಗೆ ವಿಷಯ ಬೀದಿಗೆಲ್ಲ ಹಬ್ಬಿತು.

ಮರುದಿನ ಕಟಿಂಗ್ ಶಾಪಿನಲ್ಲಿ ಸಭೆ ಸೇರಿತು. ಬೀದಿಯ ಹದಿನೇಳು ಉದ್ಯಮಿಗಳಲ್ಲಿ ಆಯ್ಕೆಯಾದವನು ಬೆತ್ತಪ್ಪನೊಬ್ಬನೇ. ಅವನೂ ಬಿದ್ದರೆ ಬೀದಿಯ ಮಾನ ಹೋಗುತ್ತದೆ ಎನ್ನುವುದರಲ್ಲಿ ಎರಡು ಮಾತಿರಲಿಲ್ಲ. ನಿವೃತ್ತ ಲೆಕ್ಕದ ಮೇಷ್ಟ್ರು ಅಧ್ಯಕ್ಷತೆ ವಹಿಸಿದರು.

“ಇದು ಮೋಸ ಅಲ್ವಾ ಮೇಷ್ಟ್ರೇ?” ಬೆತ್ತಪ್ಪ ಕೇಳಿದ.

“ಯಾವ ಮೋಸ? ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆ ಇದ್ರೆ ಆ ಜಾಗದಲ್ಲಿ ಎಕ್ಸ್ ಅಂತ ಇಟ್ಕೊಳ್ತೀವಿ. ಉತ್ತರ ಬಂದ್ಮೇಲೆ ಎಕ್ಸ್ ತೆಗೆದುಹಾಕ್ತೀವಿ. ಅದು ಮೋಸಾನಾ? ನಾವು ನಾಲ್ಕು ಜನ ಎಕ್ಸ್. ಗುರುವಾರ ಒಂದು ಗಂಟೆ ಹೊತ್ತು.”

ಇಷ್ಟು ಶಾಸ್ತ್ರೋಕ್ತವಾದ ಸಮಾಧಾನ ಸಿಕ್ಕಮೇಲೆ ಪಾತ್ರ ಹಂಚಿಕೆ ನಡೆಯಿತು. ಕೋಪಿಷ್ಠ ಭಾವನ ಪಾತ್ರ ಕಟಿಂಗ್ ಶಾಪಿನವನಿಗೆ ಬಂತು. ಹುಟ್ಟಿದಾರಭ್ಯ ಯಾರಿಗೂ ಗದರಿದವನಲ್ಲ, ಗಿರಾಕಿಯ ಕಿವಿಗೆ ಕತ್ತರಿ ತಾಗಿದರೆ ತಾನೇ ಅಳುವ ಪೈಕಿ. ಉದ್ದಣ್ಣನ ಪಾತ್ರವನ್ನು ಇಸ್ತ್ರಿಯವನು ಹಟಹಿಡಿದು ಪಡೆದ. ಅವನ ಎತ್ತರ ಐದಡಿಗೆ ಒಂದಂಗುಲ ಕಡಿಮೆ. “ಸೋಡಾ ಪೆಟ್ಟಿಗೆ ಮೇಲೆ ನಿಂತ್ಕೊತೀನಿ, ಮುಂದೆ ಕುರ್ಚಿ ಇರುತ್ತಲ್ಲ, ಕಾಲು ಯಾರಿಗ್ ಕಾಣುತ್ತೆ?” ಎಂದ. ಶಿಳ್ಳೆಯ ಪೀಪಿಯ ಜಾಗಕ್ಕೆ ಮೇಷ್ಟ್ರೇ ನಿಂತರು. ಅವರದು ಕಟ್ಟಿಸಿದ ಹಲ್ಲು.

“ತಮ್ಮನಾಗಿ ನಾನು ಕೂರ್ತೀನಿ,” ಎಂದು ಹಾಲಿನ ಅಂಗಡಿಯವನು ಮುಂದೆ ಬಂದ.

“ಬೇಡ,” ಎಂದ ಬೆತ್ತಪ್ಪ.

“ನನ್ನ ಭಾಮೈದ ಇದಾನೆ, ಥೇಟ್ ನಿಮ್ಮ ತಮ್ಮನ ಮೂಗು,” ಎಂದ ಕಟಿಂಗ್ ಶಾಪಿನವನು.

“ಯಾರೂ ಬೇಡ. ಆ ಮಣೆ ಮೇಲೆ ಯಾರೂ ಕೂರಕೂಡದು. ಅವನು ಇವತ್ತು ರಜ ಅಂತ ಹೇಳ್ತೀನಿ.” ಎಂಟು ವರ್ಷದ ರಜ ಎಂದು ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರೇನೋ, ಆ ಪಾತ್ರವನ್ನು ಪಟ್ಟಿಯಿಂದ ಬಿಟ್ಟರು.

ಗುರುವಾರ ಹತ್ತು ಗಂಟೆಗೆ ಸರಿಯಾಗಿ ಕಾರು ಬಂತು. ಮೊದಲು ಫೋಟೋದವನು ಇಳಿದ, ಆಮೇಲೆ ಮೇಡಂ, ಕೊನೆಗೆ ಸಾಹೇಬರು. ದೊಡ್ಡ ಸಾಹೇಬರೆಂದರೆ ಎಷ್ಟು ದೊಡ್ಡವರಿರಬಹುದೆಂದು ಕಾದಿದ್ದ ಬೀದಿಗೆ ನಿರಾಸೆಯಾಯಿತು. ಅವರು ಮಡಿಚಿದ ಕೊಡೆಯಷ್ಟೇ ದಪ್ಪ ಇದ್ದರು. ಬೆತ್ತಪ್ಪನ ಹೆಂಡತಿ ನಸುಕಿನಲ್ಲೇ ಎದ್ದು ಕೋಣೆ ಗುಡಿಸಿ, ಹೆಣೆಯದೆ ಉಳಿದಿದ್ದ ಚೌಕಟ್ಟುಗಳು ಕಣ್ಣಿಗೆ ಅಸಹ್ಯ ಕಾಣದಿರಲೆಂದು ಅವುಗಳ ಮೇಲೆಲ್ಲ ಒಗೆದ ದುಪ್ಪಟಿ ಹೊದಿಸಿದ್ದಳು.

ಸಾಹೇಬರು ಒಳಗೆ ಬಂದವರೇ ಮೇಷ್ಟ್ರ ಮುಂದೆ ನಿಂತರು. “ಶಿಳ್ಳೆಯವರು ಇವರಾ?”

ಮೇಷ್ಟ್ರು ತುಟಿ ಚೂಪು ಮಾಡಿ ಊದಿದರು. ಬರೀ ಗಾಳಿ ಬಂತು. ಎರಡನೇ ಸಲವೂ ಗಾಳಿಯೇ. ಮೂರನೇ ಸಲ ಮರ್ಯಾದೆಯ ಪ್ರಶ್ನೆಯೆಂದು ಪ್ರಾಣವನ್ನೆಲ್ಲ ಒಟ್ಟುಗೂಡಿಸಿ ಊದಿದ್ದಕ್ಕೆ ಮೇಲಿನ ಸಾಲು ಹಲ್ಲು ಹಾರಿ, ಬೆತ್ತ ನೆನೆಹಾಕಿದ್ದ ತೊಟ್ಟಿಗೆ ಬಿತ್ತು. ಮೇಷ್ಟ್ರು ಗಂಭೀರವಾಗಿ ತೊಟ್ಟಿಗೆ ಕೈ ಹಾಕಿ ಹುಡುಕತೊಡಗಿದರು.

“ಇವರು ಏನ್ ಮಾಡ್ತಿದಾರೆ?” ಮೇಡಂ ಕೇಳಿದರು.

“ಎಳೆ ನೆಂದಿದ್ಯಾ ಅಂತ ನೋಡ್ತಿದಾರೆ ಮೇಡಂ,” ಎಂದ ಬೆತ್ತಪ್ಪ.

ಈಗ ಭಾವನ ಸರದಿ. ಕಟಿಂಗ್ ಶಾಪಿನವನು ಹುಬ್ಬು ಗಂಟಿಕ್ಕಿ, ಮುಖ ಊದಿಸಿ, ರಾತ್ರಿಯಿಡೀ ಕನ್ನಡಿಯ ಮುಂದೆ ಕಲಿತಿದ್ದ ಕೋಪವನ್ನು ತೋರಿಸಲು ತಯಾರಾಗಿದ್ದ. ಆದರೆ ಬಾಗಿಲಿನಿಂದ ಒಬ್ಬ ಮನುಷ್ಯ ತನ್ನ ಕಡೆ ನಡೆದು ಬರುತ್ತಿದ್ದರೆ ಮೂವತ್ತು ವರ್ಷದ ಕಸುಬು ಸುಮ್ಮನಿರುತ್ತದೆಯೇ? “ಬನ್ನಿ ಸಾರ್, ಬನ್ನಿ, ಕೂತ್ಕೊಳ್ಳಿ, ಐದೇ ನಿಮಿಷ,” ಎಂದು ಸಾಹೇಬರ ಭುಜ ಹಿಡಿದು, ದುಪ್ಪಟಿ ಹೊದಿಸಿದ್ದ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟ. ಅಭ್ಯಾಸಬಲದಿಂದ ದುಪ್ಪಟಿಯ ತುದಿ ಎಳೆದು ಅವರ ಕತ್ತಿಗೂ ಸುತ್ತಿದ.

ಆ ಕುರ್ಚಿಗೆ ಸೀಟು ಇರಲಿಲ್ಲ. ಉದ್ದಕ್ಕೆ ಹಾಯಿಸಿದ್ದ ನಾಲ್ಕು ಎಳೆಗಳು ಮಾತ್ರ ಇದ್ದವು. ಸಾಹೇಬರು ಅವುಗಳ ನಡುವೆ ಸದ್ದಿಲ್ಲದೆ ಇಳಿದುಹೋದರು. ಮೊಣಕಾಲೂ ಮುಖವೂ ಒಂದೇ ಮಟ್ಟಕ್ಕೆ ಬಂದು ನಿಂತವು. ಫೋಟೋದವನು, ಅವನ ಕೆಲಸ ಅವನದು, ಕ್ಲಿಕ್ ಮಾಡಿದ.

ಬೀದಿಗೆ ಬೀದಿಯೇ ಅಯ್ಯಯ್ಯೋ ಎಂದಿತು. “ಎಳೀರಿ! ಎಳೀರಿ!” ಎಂದು ಇಸ್ತ್ರಿಯವನು ಸೋಡಾ ಪೆಟ್ಟಿಗೆಯಿಂದ ಧುಮುಕಿದ. ಆರಡಿ ಎರಡಂಗುಲದ ಮನುಷ್ಯ ಕಣ್ಣೆದುರೇ ಐದಡಿಗಿಂತ ಕಡಿಮೆಯಾದದ್ದನ್ನು ಕಂಡು ಮೇಡಂ ಬಾಯಿ ಬಿಟ್ಟು ನಿಂತರು. ಇತ್ತ ಸಾಹೇಬರನ್ನು ಎಳೆದಷ್ಟೂ ಎಳೆಗಳು ಬಿಗಿಯಾಗಿ, ಅವರು ಇನ್ನಷ್ಟು ಕೆಳಗಿಳಿದರು.

“ಎಲ್ರೂ ಕೈ ಬಿಡಿ!” ಎಂದಳು ಬೆತ್ತಪ್ಪನ ಹೆಂಡತಿ. ಕೈಯಲ್ಲಿ ಬೆತ್ತ ಸೀಳುವ ಪುಟ್ಟ ಕತ್ತಿ ಇತ್ತು. ಸಾಹೇಬರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಅವಳು ಕುರ್ಚಿಯಡಿ ತೂರಿ, ಮಲಗಿ, ಎಳೆ ಜಾರದಂತೆ ತೂತುಗಳಿಗೆ ಜಡಿದಿದ್ದ ಮರದ ಮೊಳೆಗಳನ್ನು ಕತ್ತಿಯ ಹಿಡಿಯಿಂದ ಒಂದೊಂದೇ ಮೇಲಕ್ಕೆ ತಟ್ಟಿದಳು. ಒಂದು ಎಳೆಯನ್ನೂ ಕೊಯ್ಯಲಿಲ್ಲ. ನಾಲ್ಕೂ ಸಡಿಲಾಗಿ, ಸಾಹೇಬರು ಮೆತ್ತಗೆ ನೆಲಕ್ಕೆ ಕುಳಿತರು.

ಮೇಡಂ ಅವಳ ಕೈ ಹಿಡಿದು ಎಬ್ಬಿಸಿದರು. ಹಿಡಿದ ಕೈಯನ್ನು ಹಾಗೇ ತಿರುಗಿಸಿ ನೋಡಿದರು. ಬೆರಳುಗಳ ತುಂಬ ಬೆತ್ತ ಕೊಯ್ದ ಗೆರೆಗಳು.

“ನೀವು ಇಲ್ಲಿ ಕೆಲಸ ಮಾಡ್ತೀರಾ?”

“ಇಲ್ಲಪ್ಪ,” ಎಂದಳು ಹೆಂಡತಿ. “ನಾನು ಮನೇಲಿರೋಳು. ಬೆತ್ತ ಸೀಳ್ತೀನಿ, ನೆನೆಹಾಕ್ತೀನಿ, ಸೀಟು ಹಾಕ್ತೀನಿ, ಬೆಂಚು ಬಂದ್ರೆ ಕೆಳಗೆ ಮಲಗ್ತೀನಿ. ಕೆಲಸ ಅಂತೇನಿಲ್ಲ.”

ಮೇಡಂ ಫಾರ್ಮನ್ನು ತೆಗೆದರು. ಮುಂದೆ ನೋಡಿದರು, ಹಿಂದೆ ನೋಡಿದರು. ಆಮೇಲೆ ಕೋಣೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮೇಷ್ಟ್ರು ಅಷ್ಟರಲ್ಲಿ ಹಲ್ಲು ಸಿಕ್ಕಿ ಜೇಬಿಗೆ ಹಾಕಿಕೊಂಡಿದ್ದರು.

“ಹಾಗಾದ್ರೆ ಇದರಲ್ಲಿ ಬರೆದಿರೋದೆಲ್ಲ ಸುಳ್ಳಾ?” ನೆಲದ ಮೇಲಿಂದಲೇ ಸಾಹೇಬರು ಕೇಳಿದರು.

“ಒಂದಕ್ಷರ ಸುಳ್ಳಲ್ಲ ಸಾರ್,” ಎಂದ ಬೆತ್ತಪ್ಪ. ಅವನಿಗೆ ಹೇಗೋ ಮಾತು ಬಂದಿತ್ತು. “ಎಲ್ರೂ ಇದಾರೆ. ಇಲ್ಲಿಲ್ಲ, ಅಷ್ಟೇ. ಭಾವ ಅಲ್ಲಿ ಕೂರ್ತಿದ್ರು, ಕಿಟಕಿ ಹತ್ರ. ಕೆಲಸ ಹೋಯ್ತು, ಅವರೂ ಹೋದ್ರು. ಖಾಲಿ ಸಾಲು ನೋಡೋಕಾಗ್ಲಿಲ್ಲ ಸಾರ್. ಕೈ ತಡೀಲಿಲ್ಲ, ಬರ್ದ್ಬಿಟ್ಟೆ.”

“ಇವರು?” ಮೇಡಂ ಹೆಂಡತಿಯ ಕಡೆ ಬೆರಳು ತೋರಿಸಿದರು. “ಇಷ್ಟೆಲ್ಲ ಕೆಲಸ ಮಾಡೋ ಇವರ ಹೆಸರು ಯಾಕೆ ಬರೀಲಿಲ್ಲ?”

ಬೆತ್ತಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಅವಳು ಇಲ್ಲೇ ಇದಾಳಲ್ಲ ಮೇಡಂ!”

ಇಸ್ತ್ರಿಯವನು ಬಾಗಿಲಲ್ಲಿ ನಿಂತಿದ್ದ ತನ್ನ ಹೆಂಡತಿಯ ಮುಖ ನೋಡಲಾರದೆ ಸೋಡಾ ಪೆಟ್ಟಿಗೆ ನೋಡಿದ.

“ಕೇಳಿದ್ರಾ ಮೇಡಂ?” ಎಂದಳು ಬೆತ್ತಪ್ಪನ ಹೆಂಡತಿ. “ನಾಳೆ ನಾನೂ ತವರಿಗೆ ಹೋಗ್ತೀನಿ. ಆಗ ನನ್ನ ಹೆಸರೂ ಬರೆಯುತ್ತೆ ಇವರ ಕೈ.” ಅಷ್ಟು ಹೇಳಿ ನಗಲು ಹೊರಟವಳು ನಗಲಿಲ್ಲ. ಬೆತ್ತಪ್ಪ ಅವಳ ಬೆರಳುಗಳನ್ನು ನೋಡಿದ. ಎಂಟು ವರ್ಷಗಳಿಂದ ಬೆಂಚಿನಡಿಯಿಂದ ಎಳೆ ತಪ್ಪದೆ ಮೇಲೆ ಬರುತ್ತಿತ್ತು. ಅದನ್ನು ಕೊಡುತ್ತಿದ್ದವಳು ಯಾರೆಂದು ಅವನು ಬಾಗಿ ನೋಡಿರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು.

ಸಾಹೇಬರು ಎದ್ದು ಪ್ಯಾಂಟು ಕೊಡವಿಕೊಂಡರು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಒಂದು ಹೆಣೆದ ಸೀಟನ್ನು ಎತ್ತಿ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ ನೋಡಿ, “ಇದು ಯಾರದು?” ಎಂದರು. “ನಂದು,” ಎಂದಳು ಹೆಂಡತಿ. “ಕುರ್ಚಿ ಬೇಕು ನಮಗೆ,” ಎಂದರು ಸಾಹೇಬರು. “ಫಾರ್ಮ್ ಸರಿ ಮಾಡಿ.”

ಮೇಡಂ ಮಣೆಯೊಂದರ ಮೇಲೆ ಕುಳಿತು ಪೆನ್ನು ತೆಗೆದರು. ಹೊಸದೊಂದು ಸಾಲು ಗೀಚಿ ಹೆಂಡತಿಯ ಹೆಸರು ಬರೆದರು. “ಇಬ್ಬರಾದ್ರಿ. ಷರತ್ತು ಮೂರು ಜನ. ಈ ನಾಲ್ವರಿಗೆ ಕೆಲಸ ಇದೆ ಅಂದ್ರೆ ಯಾರಾದ್ರೂ ವಾಪಸ್ ಬರ್ತಾರಾ?”

“ಗೊತ್ತಿಲ್ಲ ಮೇಡಂ. ಕೇಳಿಲ್ಲ.”

“ಈಗ ಕೇಳಿ.”

ಫೋನನ್ನು ಎಲ್ಲರಿಗೂ ಕೇಳಿಸುವಂತೆ ತೊಟ್ಟಿಯ ಅಂಚಿನ ಮೇಲೆ ಇಟ್ಟರು. ಉದ್ದಣ್ಣನ ನಂಬರಿನಲ್ಲಿ ಯಾವುದೋ ಹೆಂಗಸು ಬಂದು, ಅಂಥವರು ಯಾರೂ ಇಲ್ಲ ಎಂದು ಇಟ್ಟಳು. ಪೀಪಿ ಎಲ್ಲೋ ಬಸ್ಸಿನ ಕಂಡಕ್ಟರಾಗಿದ್ದ. ಶಿಳ್ಳೆ ಹೊಡೆದರೆ ಸಂಬಳ ಕೊಡುವ ಕೆಲಸ ಬಿಟ್ಟು ಯಾರು ಬರುತ್ತಾರೆ ಎಂದು ನಕ್ಕ. ಮೇಡಂ ಅವರಿಬ್ಬರ ಸಾಲುಗಳನ್ನು ಹೊಡೆದುಹಾಕಿದರು.

ಭಾವ ಮೂರನೇ ರಿಂಗಿಗೇ ಎತ್ತಿ, ಕೆಲಸದ ಸುದ್ದಿ ಕೇಳಿದವರೇ ಅಂದರು. “ಕಿಟಕಿ ಪಕ್ಕದ ಮಣೆ ಖಾಲಿ ಇದೆಯೇನೋ?”

“ಇದೆ ಭಾವ.”

“ಕಾಫಿ?”

“ಹತ್ತೂವರೆಗೆ.”

“ಹತ್ತಕ್ಕೆ.”

“ಆಯ್ತು ಭಾವ, ಹತ್ತಕ್ಕೆ.”

“ಸೋಮವಾರ ಬರ್ತೀವಿ. ನಿಮ್ಮಕ್ಕ ಆಗ್ಲೇ ಪೆಟ್ಟಿಗೆ ಎಳೀತಿದಾಳೆ.”

ಬೀದಿ ಜಯಘೋಷ ಮಾಡಿತು. ಕಟಿಂಗ್ ಶಾಪಿನವನು, ತನ್ನ ಪಾತ್ರವೇ ಗೆದ್ದಿತೆಂದು ಕಣ್ಣೊರೆಸಿಕೊಂಡ. “ಮೂರಾಯ್ತು, ಸಾಕು,” ಎಂದು ಮೇಡಂ ಪೆನ್ನಿನ ಮುಚ್ಚಳ ಹುಡುಕಿದರು. ಸಾಹೇಬರು ಗಡಿಯಾರ ನೋಡಿದರು. ಬೆತ್ತಪ್ಪ ಮಾತ್ರ ಫೋನು ಹಿಡಿದು ಹಾಗೇ ನಿಂತಿದ್ದ. ಕೊನೆಗೆ ಹೆಂಡತಿಯೇ ನಂಬರು ಒತ್ತಿದಳು.

“ಅಣ್ಣಾ?” ತಮ್ಮನ ದನಿ ಕೋಣೆಯ ತುಂಬ ಕೇಳಿಸಿತು. “ಇವತ್ತು ಗುರುವಾರ ಅಲ್ವಾ? ಯಾರಿಗೇನಾಯ್ತು?”

“ಯಾರಿಗೂ ಏನಾಗಿಲ್ಲ ಕಣೋ,” ಎಂದ ಬೆತ್ತಪ್ಪ. “ಊಟ ಆಯ್ತಾ?”

“ಹನ್ನೊಂದು ಗಂಟೆಗೆ ಏನ್ ಊಟ ಅಣ್ಣಾ?”

ಇಸ್ತ್ರಿಯವನು ತಲೆ ಮೇಲೆ ಕೈ ಹೊತ್ತ. ಹೆಂಡತಿ ಬೆನ್ನಿಗೆ ತಿವಿದಳು.

“ಕೆಲಸ ಬಂದಿದೆ ಕಣೋ,” ಎಂದ ಬೆತ್ತಪ್ಪ ಒಂದೇ ಉಸಿರಿನಲ್ಲಿ. “ದೊಡ್ಡ ಕಂಪನೀದು. ವರ್ಷಪೂರ್ತಿ. ಭಾವ ಬರ್ತಿದಾರೆ. ನೀನೂ ಬಂದ್ಬಿಡು.”

ಆ ಕಡೆ ಕಾರೊಂದು ಹಾರ್ನ್ ಮಾಡಿತು. ಗೇಟು ತೆಗೆದು ಹಾಕಿದ ಸದ್ದಾಯಿತು. ಅಷ್ಟು ಹೊತ್ತು ಬೆತ್ತಪ್ಪ ಕಾದ.

“ಆಗಲ್ಲ ಅಣ್ಣಾ. ಮಗಳ ಶಾಲೆ ಇಲ್ಲಿದೆ. ಹೆಂಡ್ತಿಗೂ ಇಲ್ಲೇ ಕೆಲಸ ಆಗಿದೆ. ನನ್ನ ಕೈಗೂ ಮೊದಲಿನ ಹಿಡಿತ ಇಲ್ಲ.”

“ಸರಿ,” ಎಂದ ಬೆತ್ತಪ್ಪ. ಎಂಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಆ ಒಂದು ಮಾತಿಗೆ ಮುಗಿದುಹೋಯಿತು. “ಸರಿ ಹಾಗಾದ್ರೆ.”

“ಅಣ್ಣಾ, ಇಡಬೇಡ.” ತಮ್ಮನ ದನಿ ತಗ್ಗಿತು. “ಇಷ್ಟು ವರ್ಷದಲ್ಲಿ ಇವತ್ತೇ ನೀನು ಬಾ ಅಂದಿದ್ದು.”

“ಯಾವ ಬಾಯಲ್ಲಿ ಕರೀಲೋ? ಕೊಡೋಕೆ ಕೆಲಸ ಇರ್ಲಿಲ್ಲ.”

“ನಾನು ಕೆಲಸ ಕೇಳಿದ್ನಾ ಅಣ್ಣಾ?”

ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ಬೆತ್ತಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಸುಮ್ನೆ ಬಾರೋ,” ಎಂದ. “ಎರಡು ದಿನಕ್ಕಾದ್ರೂ. ಬರೀ ನೋಡ್ಕೊಂಡು ಹೋಗೋಕೆ ಬಾ.”

“ರಜ ಕೇಳ್ತೀನಿ ಅಣ್ಣಾ. ಕೊಡ್ತಾರೋ ಇಲ್ವೋ, ಕೇಳ್ತೀನಿ.”

ಫೋನು ಇಟ್ಟ ಮೇಲೆ ಮೇಡಂ ಫಾರ್ಮನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ, ತಮ್ಮ ಕೆಲಸ ತಾವು ಮಾಡಲೇಬೇಕಲ್ಲ, ಮೆಲ್ಲಗೆ ಕೇಳಿದರು. “ಇವರದೂ ಒಂದು ಸಾಲಿದೆ. ಬರೋದಿಲ್ಲ ಅಂದ್ಮೇಲೆ ಹೊಡೀಲಾ?”

“ಕೆಲಸ ಹೊಡೀರಿ ಮೇಡಂ,” ಎಂದ ಬೆತ್ತಪ್ಪ. “ಹೆಸರು ಇರ್ಲಿ.”